ಫ್ಯೂಜ್ ಬೋರ್ಡಿನ ಕೂಲಿ

ನಮ್ಮ ಊರಿನಲ್ಲಿ ಮನೆ ರಿಪೇರಿಗೆ ಬಂದವರು ದುಡ್ಡು ಮುಟ್ಟುವುದಿಲ್ಲ. ಅಕ್ಕಿಗೆ, ಬೇಳೆಗೆ, ಬಟ್ಟೆಗೆ, ಬಸ್ಸಿಗೆ ಎಲ್ಲ ಕಡೆಯಂತೆ ದುಡ್ಡೇ ನಡೆಯುತ್ತದೆ. ರಿಪೇರಿಯ ಸಾಮಾನಿಗೂ ಅಂಗಡಿಯಲ್ಲಿ ದುಡ್ಡು ಕೊಡಬೇಕು. ಆದರೆ ಮನೆಯ ಗೋಡೆಗೆ, ಸೂರಿಗೆ, ನಲ್ಲಿಗೆ, ತಂತಿಗೆ ಕೈ ಹಚ್ಚಿದವನ ಕೂಲಿ ಮಾತ್ರ ಬೇರೆ. ಮನೆಯವರು ತಮ್ಮ ಅಭ್ಯಾಸಗಳಲ್ಲಿ ಒಂದನ್ನು ಅವನಿಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಇಬ್ಬರೂ ಕಾಲು ತೊಳೆದುಕೊಂಡು, ಹೊಸ್ತಿಲಿನ ಆಚೆಗೆ ಅವನು, ಈಚೆಗೆ ಮನೆಯ ಯಜಮಾನ ನಿಂತು, ಬಲಗೈಗೆ ಬಲಗೈ ಕೊಡುತ್ತಾರೆ. ಕೊಡುವವನು ಅಭ್ಯಾಸದ ಹೆಸರು ಹೇಳಿ "ಕೊಟ್ಟೆ" ಎನ್ನುತ್ತಾನೆ. ತೆಗೆದುಕೊಳ್ಳುವವನು "ಮುಟ್ಟಿತು" ಎನ್ನುತ್ತಾನೆ. ಅಷ್ಟೆ, ಅಲ್ಲಿಂದ ಮುಂದೆ ಅದು ಅವನದು.

ಕೊಟ್ಟದ್ದು ಮರೆತುಹೋಗುವುದಿಲ್ಲ. ಎಲೆ ಅಡಿಕೆಯ ಅಭ್ಯಾಸವನ್ನು ಗಾರೆಯವನಿಗೆ ಕೊಟ್ಟವರು ಬೇಕಾದರೆ ಆಮೇಲೂ ಎಲೆ ಹಾಕಿಕೊಳ್ಳಬಹುದು. ಆದರೆ ಕೈ ತಾನಾಗಿ ಸಂಚಿಗೆ ಹೋಗುವುದಿಲ್ಲ. ಪ್ರತಿ ಸಲವೂ ಕುಳಿತು, ಈಗ ಎಲೆ ಹಾಕಬೇಕೇ, ಯಾತಕ್ಕೆ ಹಾಕಬೇಕು ಎಂದು ಯೋಚಿಸಿ ನಿರ್ಧಾರ ಮಾಡಬೇಕು. ಹಾಗೆ ಯೋಚನೆ ಮಾಡಿ ಎಲೆ ಹಾಕಿದವರನ್ನು ನಾನು ಕಂಡಿಲ್ಲ.

ಈ ಕಟ್ಟಳೆಯಿಂದ ನಮ್ಮ ಊರಿನ ಕೆಲಸಗಾರರ ಸ್ಥಿತಿ ಹೇಗಾಗಿದೆ ಎಂದು ತಿಳಿಯಬೇಕಾದರೆ, ನಲ್ಲಿ ಕೆಲಸದ ಕಾಳಪ್ಪನನ್ನು ನೋಡಬೇಕು. ಮೂವತ್ತು ವರ್ಷದ ಗಳಿಕೆ ಅವನ ಮೈಮೇಲಿದೆ. ಒಂದು ಮನೆಯ ಮೆಟ್ಟಿಲು ಹತ್ತುವ ಮೊದಲು ಅವನು ಆಕಾಶ ನೋಡಬೇಕು, ಎರಡು ಹೆಜ್ಜೆ ಹಿಂದೆ ಬರಬೇಕು, ಜೇಬು ತಟ್ಟಿ ಕನ್ನಡಕ ಇದೆಯೇ ಎಂದು ನೋಡಿಕೊಳ್ಳಬೇಕು. ಅವನಿಗೆ ಕನ್ನಡಕವೇ ಇಲ್ಲ. ಆಮೇಲೆ ಬಾಗಿಲ ಚೌಕಟ್ಟನ್ನು ಮೂರು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಮನೆಯಲ್ಲಿ ಎಲ್ಲಾ ಸೌಖ್ಯವಾ? ಅಕ್ಕನ ಮಂಡಿ ನೋವು ಹೇಗಿದೆ?" ಎಂದು ಯಾರಿಗೂ ಇಲ್ಲದ ಅಕ್ಕನನ್ನು ವಿಚಾರಿಸಬೇಕು. ಬಚ್ಚಲಲ್ಲಿ ನೀರು ಕಟ್ಟಿದೆ ಎಂದು ಅವನನ್ನು ಕರೆದರೆ, ಅವನು ಬಚ್ಚಲು ಮುಟ್ಟುವ ಹೊತ್ತಿಗೆ ನೀರು ತಾನೇ ಇಂಗಿರುತ್ತದೆ. ಗಾರೆಯವನು ಯಾರೋ ಶ್ರೀಮಂತರ ಮನೆಗೆ ಮಹಡಿ ಕಟ್ಟಿ, ಆ ಮನೆಯಾಕೆ ಕಾಫಿ ಕುಡಿಯುವಾಗ ಕಿರುಬೆರಳು ಎತ್ತುವ ಅಭ್ಯಾಸ ಪಡೆದ. ಈಗ ಕರಣೆ ಹಿಡಿದಾಗಲೂ ಅವನ ಕಿರುಬೆರಳು ಮೇಲೆಯೇ ನಿಂತಿರುತ್ತದೆ.

ಜನರೂ ಇದಕ್ಕೆ ತಕ್ಕ ಹಾಗೆ ಬಾಳುತ್ತಾರೆ. ನಮ್ಮ ಎದುರುಮನೆಯ ಚೂಡಮ್ಮ ಎಂಬ ವಿಧವೆ ಮುಂದಿನ ರಿಪೇರಿಗಳಿಗೆ ಎಂದು ಅಭ್ಯಾಸಗಳನ್ನು ಕೋಳಿ ಸಾಕಿದಂತೆ ಸಾಕುತ್ತಾಳೆ. ದಿನವೂ ಸಾಯಂಕಾಲ ನಾಲ್ಕಕ್ಕೆ ಜಗಲಿಗೆ ಬಂದು ಎಡಗಾಲನ್ನು ಅಲುಗಿಸುತ್ತ ಕೂರುತ್ತಾಳೆ. ಯಾಕಮ್ಮ ಎಂದು ಕೇಳಿದರೆ, "ಇದು ಹೆಂಚಿಗೆ ಇಟ್ಟಿರೋದು ರಾಯರೇ, ಬರೋ ವರ್ಷಕ್ಕೆ ಹನ್ನೆರಡು ತುಂಬುತ್ತೆ" ಎನ್ನುತ್ತಾಳೆ. ಅಭ್ಯಾಸದ ಬೆಲೆ ಅದರ ವಯಸ್ಸಿನ ಮೇಲೆ. ಒಂದು ಬಲ್ಬಿನ ಹೋಲ್ಡರಿಗೆ ವರ್ಷದ್ದು ಸಾಕು. ಫ್ಯಾನಿಗೆ ಹತ್ತು. ಫ್ಯೂಜ್ ಬೋರ್ಡು ಪೂರ್ತಿ ಕಿತ್ತು ಹೊಸದು ಕೂರಿಸಬೇಕಾದರೆ ನಲವತ್ತು ವರ್ಷದ ಅಭ್ಯಾಸ ಬೇಕು, ಅದೂ ಒಂದೇ ಗಟ್ಟಿಯಾಗಿ. ಚಿಲ್ಲರೆ ಸೇರಿಸಿ ಕೊಡುವಂತಿಲ್ಲ.

ಇನ್ನು ನನ್ನ ವಿಷಯ. ನನ್ನ ಹೆಸರು ಸೇತುರಾಯ. ತೂಕ ಅಳತೆಯ ಇಲಾಖೆಯಲ್ಲಿ ಮೂವತ್ತಾರು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಹಿಡಿದು ನೋಡಿದವನು. ಕಾಲು ತೊಲ ಹೆಚ್ಚು ಕಡಿಮೆಯಾದರೂ ಬಿಟ್ಟವನಲ್ಲ. ನನ್ನ ಹೆಂಡತಿ ಭಾಗೀರಥಿ ಹೋದ ಮಾಘಮಾಸದಲ್ಲಿ ತೀರಿಕೊಂಡಳು. ಮಕ್ಕಳಿಲ್ಲ. ದೇವರು ಕೊಟ್ಟ, ದೇವರು ಕರೆದುಕೊಂಡ ಎಂದು ಬಂದವರಿಗೆಲ್ಲ ನಾನೇ ಸಮಾಧಾನ ಹೇಳಿ ಕಳಿಸಿದೆ.

ನಮ್ಮ ಮನೆಯ ಫ್ಯೂಜ್ ಬೋರ್ಡು ನಡುಮನೆಯ ಬಾಗಿಲ ಮೇಲಿತ್ತು. ಒಂದು ತೇಗದ ಹಲಗೆ, ಅದರ ಮೇಲೆ ನಾಲ್ಕು ಬಿಳಿ ಪಿಂಗಾಣಿ ಫ್ಯೂಜು, ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್ಚು. ಫ್ಯೂಜು ಹೋದರೆ ತಂತಿ ಕಟ್ಟುವುದು ಭಾಗೀರಥಿಯ ಕೆಲಸ, ಕುರ್ಚಿ ಹಿಡಿದುಕೊಳ್ಳುವುದು ನನ್ನ ಕೆಲಸ. ಅವಳು ಸೆರಗು ಸಿಕ್ಕಿಸಿ ಕುರ್ಚಿ ಹತ್ತಿ, ಕೂದಲೆಳೆಯಂಥ ತಂತಿಯನ್ನು ಹೂ ಕಟ್ಟಿದ ಹಾಗೆ ಸುತ್ತಿ, "ಈಗ ಹಾಕಿ ಮೇನು, ನಿಧಾನ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಫ್ಯೂಜು ವಾರಕ್ಕೆ ಮೂರು ಸಲ ಹೋಗತೊಡಗಿತು. ನಾನು ಕಟ್ಟಿದ್ದು ನಿಲ್ಲುತ್ತಿರಲಿಲ್ಲ. ದಪ್ಪ ತಂತಿ ಕಟ್ಟಿದರೆ ಹೋಗುವ ಮಾತೇ ಇಲ್ಲವಲ್ಲ ಎಂದು ಒಂದು ದಿನ ನನಗೆ ಹೊಳೆಯಿತು. ಬಟ್ಟೆ ಒಣಹಾಕುವ ತಂತಿಯಿಂದ ಒಂದು ತುಂಡು ಕತ್ತರಿಸಿ, ಎರಡು ಮಡಿಕೆ ಮಾಡಿ ಬಿಗಿದೆ. ಐದು ತಿಂಗಳು ಫ್ಯೂಜು ಹೋಗಲಿಲ್ಲ. ಇಷ್ಟು ಸುಲಭದ ಉಪಾಯ ಊರಿನವರಿಗೆ ಯಾಕೆ ತೋರಲಿಲ್ಲ ಎಂದು ಚೂಡಮ್ಮನ ಮುಂದೆ ಹೇಳಿಕೊಂಡೆ ಕೂಡ. ಆರನೆಯ ತಿಂಗಳಿನ ಒಂದು ಬುಧವಾರ ಬೆಳಿಗ್ಗೆ, ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿರುವಾಗ, ಫ್ಯೂಜಿನ ಬದಲು ಬೋರ್ಡೇ ಹೋಯಿತು.

ಕರೆಂಟ್ ಪಿಳ್ಳಪ್ಪ ಬಂದ. ಊರಿಗೆಲ್ಲ ವೈರು ಎಳೆಯುವವನು ಅವನೇ. ಬಾಗಿಲಲ್ಲಿ ನಿಂತು, ಸುಟ್ಟ ಹಲಗೆಗೆ ಎರಡೂ ಕೈ ನಿವಾಳಿಸಿ ನೆಟಿಕೆ ಮುರಿದ. ಇದು ಅಂಗಡಿ ಬೀದಿಯ ಒಬ್ಬ ಮುದುಕಿ ಮೊಮ್ಮಕ್ಕಳಿಗೆ ಮಾಡುತ್ತಿದ್ದ ಉಪಚಾರ. ಅವಳ ಮನೆಗೆ ಪ್ಲಗ್ ಹಾಕಿ ಪಡೆದದ್ದು. ಆಮೇಲೆ ಕುರ್ಚಿ ಹತ್ತಿ, ಕರಕಲಾದ ಫ್ಯೂಜು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ರಾಯರೇ, ಇದಕ್ಕೆ ಕಟ್ಟಿರೋದು ಏನು?"

"ತಂತಿ."

"ಬಟ್ಟೆ ಒಣಗಾಕೋ ತಂತಿ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಬಟ್ಟೆ ಅಲ್ಲ, ನಿಮ್ಮನ್ನೇ ಒಣಗಾಕಬೇಕಿತ್ತು. ಅರ್ಥ ಆಯ್ತಾ? ಆಗದಿದ್ದವರು ಕೈ ಎತ್ತಿ."

ಕೈ ಎತ್ತಿಸುವ ಮಾತು ಅವನದಲ್ಲ, ಹೈಸ್ಕೂಲಿನ ಹಳೆಯ ಹೆಡ್‌ಮಾಸ್ತರರದು. ಆದರೂ ನನ್ನ ಮರ್ಯಾದೆಗೆ ಕುಂದಾದಂತೆ ತೋರಿತು.

"ಹೊಸ ತಂತಿ ಕಟ್ಟಿಕೊಡು, ಅಷ್ಟು ಸಾಕು."

"ಕಟ್ಟೋಕೆ ಏನುಳಿದಿದೆ ಸ್ವಾಮಿ? ಹಲಗೆ ಇದ್ದಲಾಗಿದೆ. ಎಲ್ಲಾ ಕಿತ್ತು ಟ್ರಿಪ್ಪರ್ ಪೆಟ್ಟಿಗೆ ಕೂರಿಸ್ಬೇಕು. ಹೆಚ್ಚು ಕಡಿಮೆ ಆದ್ರೆ ಅದೇ ಟಪ್ ಅಂತ ಬಿದ್ಕೊಳ್ಳುತ್ತೆ, ನೀವು ಎತ್ತಿದ್ರೆ ಆಯ್ತು. ನಲವತ್ತು ವರ್ಷದ್ದು ಒಂದು ಕೊಡಿ."

ಚೌಕಾಸಿ ಶುರುವಾಯಿತು. ರಾತ್ರಿ ಮಲಗುವ ಮೊದಲು ಬೀಗವನ್ನು ಮೂರು ಸಲ ಜಗ್ಗಿ ನೋಡುವುದು ಕೊಡುತ್ತೇನೆ ಎಂದೆ. ಅದು ನಿವೃತ್ತಿಯಾದ ಮೇಲೆ ಹತ್ತಿದ್ದು, ಎಂಟು ವರ್ಷ, ಅದಕ್ಕೆ ಎರಡು ಪ್ಲಗ್ ಬರುತ್ತದೆ ಎಂದ. ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುತ್ತ ಸರ್ಕಾರವನ್ನು ಬೈಯುವುದು? "ಅದು ನನ್ನ ಹತ್ರ ಆಗಲೇ ಮೂರು ಬಿದ್ದಿದಾವೆ. ಒಂದು ಪೇಪರ್ ಓದೋಕೆ ಮೂರು ಸಲ ಬೈಬೇಕು ನಾನು." ನಶ್ಯ?

"ನಶ್ಯಕ್ಕೆ ಎಷ್ಟು ವರ್ಷ?"

"ಮೂವತ್ತೊಂಬತ್ತು. ಒಂದು ವರ್ಷ ನೀನು ಬಿಡಬೇಕಪ್ಪ."

"ಬಿಡ್ತಿದ್ದೆ. ಏಣಿ ತುದೀಲಿ ನಿಂತು, ಕೈಯಲ್ಲಿ ತಂತಿ ಹಿಡ್ಕೊಂಡು ಸೀನು ಬಂದ್ರೆ ನನ್ನ ಹೆಂಡ್ತೀನ ನೀವು ಸಾಕ್ತೀರಾ?"

ನನಗೆ ನಗು ಬಂತು. ನಗುತ್ತಲೇ ಅಡಿಗೆಮನೆಯ ಕಡೆ ತಿರುಗಿ, "ಕೇಳಿದೆಯೇನೇ? ಇವನ ಮಾತು ಕೇಳಿದೆಯೇನೇ?" ಎಂದೆ.

ಪಿಳ್ಳಪ್ಪ ಕುರ್ಚಿಯಿಂದ ಇಳಿದ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದ:

"ರಾಯರೇ, ಇದಕ್ಕೆ ಎಷ್ಟು ವರ್ಷ?"

"ಯಾವುದಕ್ಕೆ?"

"ಈಗ ಒಳಗಡೆ ತಿರುಗಿ ಕರೆದರಲ್ಲಾ. ಅದಕ್ಕೆ."

ನಮ್ಮ ಮದುವೆಯಾಗಿ ನಲವತ್ತಮೂರು ವರ್ಷ. ನಾನು ಹೇಳಲಿಲ್ಲ. ಅವನು ಬೆರಳು ಮಡಿಸಿ ಲೆಕ್ಕ ಹಾಕಿಕೊಂಡ. "ಇದು ಆಗುತ್ತೆ," ಎಂದ. "ಮೂರು ವರ್ಷ ಹೆಚ್ಚೇ ಆಯ್ತು. ಬೇಕಾದ್ರೆ ದೇವರ ಮನೆಗೆ ಒಂದು ದೀಪ ಸೇರಿಸಿ ಹಾಕ್ಕೊಡ್ತೀನಿ."

ಆಗ ಬೀದಿಯಾಚೆಯಿಂದ ಚೂಡಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತಳು. ನಮ್ಮ ಬೀದಿಯಲ್ಲಿ ಯಾರ ಮನೆಯ ಚೌಕಾಸಿಯೂ ಗುಟ್ಟಾಗಿ ಉಳಿಯುವುದಿಲ್ಲ.

"ಕೊಟ್ಟುಬಿಡಿ ರಾಯರೇ," ಎಂದಳು. "ನಿಮಗೂ ಒಳ್ಳೇದು. ದಿನಕ್ಕೆ ಎಷ್ಟು ಸಲ ಕರೀತೀರಿ ಅಂತ ನಿಮಗೇ ಗೊತ್ತಿಲ್ಲ. ನನ್ನ ಮನೆಗೆ ಕೇಳುತ್ತೆ. ಮೊನ್ನೆ 'ಕೇಳಿದೆಯೇನೇ, ನನ್ನ ಕೊಡೆ ಎಲ್ಲಿ' ಅಂತ ಕೂಗಿದ್ರಲ್ಲ, ತಡೆಯೋಕಾಗದೆ 'ಬಾಗಿಲ ಹಿಂದೆ ಇದೆ' ಅಂತ ನಾನೇ ಕೂಗಿದೆ."

"ನೀವಾ?" ಎಂದೆ. ಕೊಡೆ ಬಾಗಿಲ ಹಿಂದೆಯೇ ಸಿಕ್ಕಿತ್ತು. ಅದು ಹೇಗೆ ನೆನಪಾಯಿತು ಎಂದು ನಾನು ಎರಡು ದಿನ ಸೋಜಿಗಪಟ್ಟಿದ್ದೆ.

"ನಾನೇ. ಇನ್ನೆಷ್ಟು ದಿನ ಆ ಅಮ್ಮನ ಕೆಲಸ ನಾನು ಮಾಡಲಿ, ಹೇಳಿ?"

"ಅದೊಂದು ಬಿಟ್ಟು ಬೇರೆ ಏನಾದರೂ ಕೇಳು," ಎಂದು ಪಿಳ್ಳಪ್ಪನಿಗೆ ಹೇಳಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾಗೀರಥಿ ಸತ್ತಿದ್ದಾಳೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಹನ್ನೆರಡು ದಿನದ ಕರ್ಮವನ್ನೂ ಈ ಕೈಯಿಂದಲೇ ಮಾಡಿದ್ದೇನೆ. ಆದರೆ ಏನಾದರೂ ತಮಾಷೆಯೋ ವಿಶೇಷವೋ ನಡೆದಾಗ ಕುತ್ತಿಗೆ ತಾನಾಗಿ ಅಡಿಗೆಮನೆಯ ಕಡೆ ತಿರುಗುತ್ತದೆ, ಬಾಯಿ ತಾನಾಗಿ ಕರೆಯುತ್ತದೆ. ಕರೆದು ಮುಗಿಯುವವರೆಗೆ, ಆ ಅರ್ಧ ಗಳಿಗೆ, ಅವಳು ಒಳಗೆ ಇರುತ್ತಾಳೆ. ಒಗ್ಗರಣೆ ಹಾಕುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಾಳೆ. ಆಮೇಲೆ ಇರುವುದಿಲ್ಲ. ಈ ಅಭ್ಯಾಸವನ್ನು ಕೊಟ್ಟುಬಿಟ್ಟರೆ ಮುಂದೆಯೂ ಕರೆಯಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ಯೋಚನೆ ಮಾಡಿ, ನಿರ್ಧಾರ ಮಾಡಿ ಕರೆಯಬೇಕು. ಇಲ್ಲವೆಂದು ಗೊತ್ತಿದ್ದೂ ಬೇಕೆಂದೇ ಕರೆಯುವುದಕ್ಕೆ ಬಾಯಿ ಎಲ್ಲಿಂದ ಬರಬೇಕು? ನನ್ನ ಹತ್ತಿರ ಉಳಿದಿದ್ದದ್ದು ಆ ಅರ್ಧ ಗಳಿಗೆ ಮಾತ್ರ. ಅದನ್ನು ಒಂದು ಟ್ರಿಪ್ಪರ್ ಪೆಟ್ಟಿಗೆಗೆ ಕೊಡಲಾರೆ ಎಂದು ಗಟ್ಟಿ ಮಾಡಿಕೊಂಡೆ.

ಪಿಳ್ಳಪ್ಪ ಬಲವಂತ ಮಾಡಲಿಲ್ಲ. "ಯೋಚನೆ ಮಾಡಿ ಹೇಳಿ. ನಾನು ದಿನಾ ಈ ದಾರೀಲೇ ಹೋಗ್ತೀನಿ," ಎಂದು ಸೈಕಲ್ಲಿಗೂ ಒಮ್ಮೆ ನೆಟಿಕೆ ಮುರಿದು ಹೊರಟುಹೋದ.

ಮೂರು ದಿನ ಕರೆಂಟಿಲ್ಲದೆ ಕಳೆದೆ. ಮೋಟಾರು ಇಲ್ಲದೆ ತೊಟ್ಟಿಯ ನೀರನ್ನು ಕೊಡದಲ್ಲಿ ಎತ್ತಿ ಸೊಂಟ ಹಿಡಿದುಕೊಂಡಿತು. ಒರಳಿನಲ್ಲಿ ಚಟ್ನಿ ರುಬ್ಬಲು ಹೋಗಿ ತೆಂಗಿನಕಾಯಿಯ ಜೊತೆ ಹೆಬ್ಬೆರಳನ್ನೂ ಸ್ವಲ್ಪ ರುಬ್ಬಿಕೊಂಡೆ. ಮಧ್ಯಾಹ್ನದ ಸೆಕೆಯಲ್ಲಿ ನಿಂತ ಫ್ಯಾನಿನ ಕೆಳಗೆ ಮಲಗಿ ಬೀಸಣಿಗೆ ಬೀಸಿಕೊಳ್ಳುವಾಗ ಸಿಟ್ಟು ಬರುತ್ತಿತ್ತು. ಪಿಳ್ಳಪ್ಪ ದಿನವೂ ಸೈಕಲ್ ನಿಲ್ಲಿಸಿ, "ಏನ್ ಮಾಡಿದ್ರಿ ರಾಯರೇ?" ಎನ್ನುತ್ತಿದ್ದ. "ಹುಡುಕುತ್ತಾ ಇದ್ದೇನೆ," ಎನ್ನುತ್ತಿದ್ದೆ. ನಿಜವಾಗಿಯೂ ಹುಡುಕುತ್ತಿದ್ದೆ. ಮನುಷ್ಯನಿಗೆ ಎಪ್ಪತ್ತು ವರ್ಷವಾದರೂ ನಲವತ್ತು ವರ್ಷದ ಅಭ್ಯಾಸ ಎಷ್ಟು ಅಪರೂಪ ಎಂದು ಆಗ ತಿಳಿಯಿತು.

ಶನಿವಾರ ಬೆಳಿಗ್ಗೆ ಪೂಜೆಗೆ ಕುಳಿತಿದ್ದಾಗ ನನಗೆ ಎರಡನೆಯ ಉಪಾಯ ಹೊಳೆಯಿತು.

ನನ್ನ ಪೂಜೆ ಊರಿಗೇ ಹೆಸರಾದದ್ದು. ಅಪ್ಪ ತೀರಿಕೊಂಡು ಸೂತಕ ಕಳೆದ ಮಾರನೆಯ ದಿನದಿಂದ ಐವತ್ತೊಂದು ವರ್ಷ, ಸೂತಕದ ದಿನಗಳನ್ನು ಬಿಟ್ಟು, ಒಂದು ದಿನವೂ ತಪ್ಪಿಲ್ಲ. ಆರು ಗಂಟೆಗೆ ಕುಳಿತರೆ ಆರೂ ಹನ್ನೊಂದಕ್ಕೆ ಮಂಗಳಾರತಿಯ ಗಂಟೆ. ಬೀದಿಯವರು ಅದಕ್ಕೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮಂತ್ರ ಎಲ್ಲಿಯೂ ತಡವರಿಸಿದ್ದಿಲ್ಲ. ಹಾಲಿನವನು ಬಂದರೆ ಮಂತ್ರ ನಿಲ್ಲಿಸದೆ ಕೈಸನ್ನೆಯಿಂದಲೇ ಅರ್ಧ ಲೀಟರ್ ಎಂದು ತಿಳಿಸುತ್ತಿದ್ದೆ, ಬೆಕ್ಕು ಬಂದರೆ ಗಂಟೆಯಿಂದಲೇ ಗದರಿಸುತ್ತಿದ್ದೆ. ಅಷ್ಟು ಸಿದ್ಧಿ.

ಉಪಾಯ ಇದು. ಪೂಜೆಯನ್ನೇ ಕೂಲಿಯಾಗಿ ಕೊಡುತ್ತೇನೆಂದು ಅವನನ್ನು ಒಪ್ಪಿಸುವುದು. ಅದು ಅಭ್ಯಾಸವಲ್ಲ, ಭಕ್ತಿ. ಭಕ್ತಿ ಕೈಯಿಂದ ಕೈಗೆ ದಾಟುವ ವಸ್ತುವಲ್ಲ. ಒಪ್ಪಿದ್ದು ದಾಟದಿದ್ದರೆ ನಷ್ಟ ಕೆಲಸಗಾರನದು ಎಂದು ಊರ ಕಟ್ಟಳೆಯೇ ಇದೆ. ನನ್ನ ಪೂಜೆ ನನ್ನಲ್ಲೇ ಉಳಿಯುತ್ತದೆ, ಅವಳನ್ನು ಕರೆಯುವುದೂ ಉಳಿಯುತ್ತದೆ, ಬೋರ್ಡೂ ಬರುತ್ತದೆ. ಮೂವತ್ತಾರು ವರ್ಷ ಊರಿನ ಸುಳ್ಳು ತೂಕ ಹಿಡಿದವನಿಗೆ ತನ್ನ ಕೈಯಲ್ಲಿದ್ದ ತಕ್ಕಡಿ ಎತ್ತ ವಾಲಿದೆ ಎಂದು ಕಾಣಲಿಲ್ಲ. ಕಂಡರೂ, ಬಡವನಿಗೆ ಯುಗಾದಿಗೆ ಒಂದು ಪಂಚೆ ಕೊಟ್ಟರಾಯಿತು ಎಂದುಕೊಂಡೆ. "ಕೇಳಿದೆಯೇನೇ, ಹೇಗಿದೆ ನನ್ನ ತಲೆ?" ಎಂದು ಒಳಗೆ ಕೂಗಿಯೂ ಆಯಿತು.

ಪಿಳ್ಳಪ್ಪ ಹೌಹಾರಿದ. "ಪೂಜೆನಾ? ದೇವರ ಸಮಾಚಾರ ಬೇಡ ರಾಯರೇ."

"ದಿನಾ ಮಾಡ್ತೀನೋ ಇಲ್ಲವೋ?"

"ಮಾಡ್ತೀರಿ."

"ನಲವತ್ತು ವರ್ಷಕ್ಕೆ ಕಡಿಮೆಯೇ?"

"ಇಲ್ಲ, ಹೆಚ್ಚೇ. ಆದ್ರೆ ನಮ್ಮನೆ ದೇವರು ಮುನೇಶ್ವರ ಸ್ವಾಮಿ. ಆಯಪ್ಪ ಚುಟ್ಟ, ಕಡ್ಲೆಪುರಿ ಕೇಳೋ ದೇವರು. ನಿಮ್ಮ ಪೂಜೆ ಇಟ್ಕೊಂಡು ನಾನೇನು ಮಾಡಲಿ?"

"ಎಲ್ಲ ದೇವರೂ ಒಂದೇ ಕಣಯ್ಯಾ," ಎಂದೆ. ಹಾಗೆಂದು ನಾನು ಜನ್ಮದಲ್ಲಿ ಹೇಳಿದ್ದು ಅದೇ ಮೊದಲು.

"ಅದು ಹೋದ್ರೆ ನಿಮ್ಮ ಗತಿ?"

"ನನ್ನ ಚಿಂತೆ ನಿನಗೆ ಬೇಡ."

ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ ನನ್ನ ಸೊಂಟದ ಮೇಲಿದ್ದ ಕೈ ನೋಡಿ ಅವನಿಗೆ ಮರುಕ ಬಂದಿರಬೇಕು, ಒಪ್ಪಿದ.

ಭಾನುವಾರ ಬೆಳಿಗ್ಗೆ ಏಣಿಯೊಡನೆ ಬಂದವನು ಸಾಯಂಕಾಲ ನಾಲ್ಕರವರೆಗೆ ದುಡಿದ. ಹಳೆಯ ಹಲಗೆ ಇಳಿಸಿದ, ಗೋಡೆ ಕೊರೆದ, ಸುಟ್ಟ ವೈರು ಎಳೆದುಹಾಕಿ ಹೊಸದು ತೂರಿಸಿದ, ಸುಣ್ಣದ ಧೂಳಿನಲ್ಲಿ ಮುಳುಗಿ ಎದ್ದ. ಕೆಲಸ ಮಾತ್ರ ಕಲ್ಲಿನಂಥ ಕೆಲಸ. ಬೂದುಬಣ್ಣದ ಪೆಟ್ಟಿಗೆ, ಒಳಗೆ ಸಾಲಾಗಿ ಸಣ್ಣ ಸ್ವಿಚ್ಚುಗಳು, ಪ್ರತಿಯೊಂದರ ಕೆಳಗೆ ಯಾವ ಕೋಣೆಯದು ಎಂದು ಬರೆದ ಚೀಟಿ. ಫ್ಯಾನು ತಿರುಗಿತು, ಮೋಟಾರು ಗುನುಗಿತು. ಇಷ್ಟು ದುಡಿದವನನ್ನು ಬರಿಗೈಯಲ್ಲಿ ಕಳಿಸಲಿದ್ದೇನಲ್ಲ ಎಂದು ಆಗ ಮಾತ್ರ ಸ್ವಲ್ಪ ಚುಚ್ಚಿತು. ಎರಡು ಪಂಚೆ ಕೊಡೋಣ ಎಂದುಕೊಂಡೆ.

ಕಾಲು ತೊಳೆದು ಹೊಸ್ತಿಲಿಗೆ ಬಂದೆವು. ಚೂಡಮ್ಮ ತನ್ನ ಜಗಲಿಯಲ್ಲಿ ಕಾಲು ಅಲುಗಿಸುವುದನ್ನು ಬಿಟ್ಟು ನೋಡುತ್ತಿದ್ದಳು. ಕೈ ಕೊಟ್ಟು, ಗಂಭೀರವಾಗಿ, "ನನ್ನ ನಿತ್ಯಪೂಜೆ, ಕೊಟ್ಟೆ," ಎಂದೆ.

ಅದು ಹೋಯಿತು. ತಡೆಯಲಿಲ್ಲ, ತೊಡರಲಿಲ್ಲ. ಮಜ್ಜಿಗೆ ಕಡೆಯುವಾಗ ಬೆಣ್ಣೆ ಬೇರೆಯಾಗುವ ಹಾಗೆ ನುಣ್ಣಗೆ, ಇಡಿಯಾಗಿ, ಐವತ್ತೊಂದು ವರ್ಷವೂ ನನ್ನ ಅಂಗೈಯಿಂದ ಅವನ ಅಂಗೈಗೆ ಇಳಿದುಹೋಯಿತು. ಪಿಳ್ಳಪ್ಪನ ಕಣ್ಣು ಅಗಲವಾಯಿತು. ತುಟಿಗಳು ಪಿಟಪಿಟ ಆಡತೊಡಗಿದವು. "ಮು... ಮುಟ್ಟಿತು," ಎಂದು ಹೇಗೋ ಹೇಳಿ ಸೈಕಲ್ ಹತ್ತಿದ. ಬೀದಿಯ ತಿರುವಿನವರೆಗೂ ಎಡಗೈಯಲ್ಲಿ ಸೈಕಲ್ ಬೆಲ್ಲು ಹೊಡೆಯುತ್ತ, ಬಲಗೈಯಲ್ಲಿ ಗಾಳಿಗೆ ಆರತಿ ಎತ್ತುತ್ತ ಹೋದ.

"ಕೇಳಿದೆಯೇನೇ," ಎಂದೆ. "ಹೋಯಿತಲ್ಲೇ!"

ಅಡಿಗೆಮನೆಯಲ್ಲಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಅವಳು ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ನನಗೆ ಗೊತ್ತು. ಬದುಕಿದ್ದಾಗ ಎಷ್ಟೋ ಸಲ ಹೇಳಿದ್ದಳು: "ನೀವು ದೇವರನ್ನ ಎಬ್ಬಿಸೋದರೊಳಗೆ ಮಲಗಿಸಿಬಿಡ್ತೀರಿ. ಪಾಪ, ಆತನಿಗೆ ಕಣ್ಣು ಉಜ್ಜಿಕೊಳ್ಳೋಕೂ ಪುರುಸೊತ್ತಿಲ್ಲ." ಹೆಂಗಸಿನ ಮಾತು ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ದಿನ ಊಟ ಸೇರಲಿಲ್ಲ. ಭಕ್ತಿ ಎಂದು ನಾನು ತಕ್ಕಡಿಗೆ ಇಟ್ಟದ್ದು, ಎಲ್ಲರದರ ಹಾಗೆ ಬರೀ ಅಭ್ಯಾಸವಾಗಿಯೇ ತೂಗಿತ್ತು. ನನ್ನನ್ನು ಯಾವ ಇಲಾಖೆಯವನು ಬಂದು ಹಿಡಿಯಬೇಕು?

ಸೋಮವಾರ ಸ್ನಾನ ಮಾಡಿ, ಮಡಿ ಉಟ್ಟು, ಆರು ಗಂಟೆಗೆ ಮಣೆಯ ಮೇಲೆ ಕುಳಿತೆ. ಏನೂ ಶುರುವಾಗಲಿಲ್ಲ. ಎರಡು ಕೈಗಳೂ ಪರಸ್ಥಳದಿಂದ ಬಂದ ನೆಂಟರ ಹಾಗೆ ತೊಡೆಯ ಮೇಲೆ ಸುಮ್ಮನೆ ಕುಳಿತಿದ್ದವು. ಮಂತ್ರಗಳೆಲ್ಲ ನೆನಪಿನಲ್ಲಿದ್ದವು, ಆದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿರಲಿಲ್ಲ. ಮೊದಲ ಮಾತು ದೇವರಿಗೆ ಏಳು ಎನ್ನುವುದು. ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳುತ್ತಿದ್ದೇನೆ ಎಂದು ನೋಡದೆ ಏಳು ಎನ್ನುವುದು ಹೇಗೆ ಎಂದು ನಾಚಿಕೆಯಾಯಿತು. ಆದ್ದರಿಂದ ನೋಡಿದೆ.

ನಮ್ಮದು ಗೇಣುದ್ದದ ಹಿತ್ತಾಳೆಯ ಕೃಷ್ಣ. ಅಪ್ಪನ ಕಾಲದವನು. ಐವತ್ತೊಂದು ವರ್ಷ ನನ್ನ ಕೈಯಲ್ಲಿ ದಿನವೂ ಮಿಂದಿದ್ದಾನೆ. ಅವನಿಗೆ ಕಿವಿಯಲ್ಲಿ ಓಲೆ ಇದೆ ಎಂದು ನಾನು ಕಂಡದ್ದು ಆ ದಿನ. ಕೊಳಲಿನಲ್ಲಿ ಐದು ರಂಧ್ರ. ತುಟಿ ಕೊಳಲಿಗೆ ತಾಗಿಲ್ಲ, ಇನ್ನೇನು ತಾಗಬೇಕು. ನೀರು ಹಾಕಲು ಅವನನ್ನು ಎತ್ತಿಕೊಂಡಾಗ ಇನ್ನೊಂದು ಕಂಡಿತು. ಬಲಗೆನ್ನೆ ಸವೆದುಹೋಗಿತ್ತು. ಎಡಗೆನ್ನೆಯ ಮೇಲೆ ಅಚ್ಚಿನ ಗೆರೆಗಳು ಹಾಗೆಯೇ ಇದ್ದವು. ಬಲಗೆನ್ನೆ ಮಾತ್ರ ಬೆಣ್ಣೆಯ ಹಾಗೆ ನುಣುಪಾಗಿ, ನಡುವೆ ಸಣ್ಣ ಗುಳಿ ಬಿದ್ದು, ಬೇರೆಯ ಹೊಳಪಿನಿಂದ ಹೊಳೆಯುತ್ತಿತ್ತು. ನೀರು ಹಾಕಿದರೆ ಹಿತ್ತಾಳೆ ಹೀಗೆ ಸವೆಯುವುದಿಲ್ಲ. ಯಾರೋ ಉಜ್ಜಿರಬೇಕು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ದೇವರನ್ನು ಬೆಳಗುತ್ತಿದ್ದವಳು ಅವಳು. ಮೂರ್ತಿಯನ್ನು ಬಲಗೈಯಲ್ಲಿ ಕೂಸಿನ ಹಾಗೆ ಹಿಡಿದು ಎಡಗೈ ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. ಅವಳು ಎಡಚಿ. ಮದುವೆಯಾದ ಹೊಸತರಲ್ಲಿ ನಮ್ಮ ಅಮ್ಮ ಇದಕ್ಕಾಗಿ ಗದರಿದ್ದು ನನಗೆ ನೆನಪಿದೆ.

ನನ್ನ ಬಲಗೈಯ ಹೆಬ್ಬೆರಳನ್ನು ಆ ಗುಳಿಯ ಮೇಲೆ ಇಟ್ಟುನೋಡಿದೆ. ಕೂರಲಿಲ್ಲ. ಎಡಗೈಯದನ್ನು ಇಟ್ಟೆ. ಕೂತಿತು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ತಿಳಿಯದು. ಹೊರಗೆ ಸೈಕಲ್ ನಿಂತ ಸದ್ದಾಯಿತು. "ರಾಯರೇ! ರಾಯರೇ!" ಎಂದು ಪಿಳ್ಳಪ್ಪ ನಡುಮನೆಯವರೆಗೂ ಬಂದುಬಿಟ್ಟ. ಹಣೆಯ ಮೇಲೆ ವಿಭೂತಿಯ ಜೊತೆಗೆ ಗಂಧ ಅಕ್ಷತೆಯೂ ಇತ್ತು. ಮುಖ ಅಳುವಂತಿತ್ತು.

"ವಾಪಸ್ ತಗೊಳ್ಳಿ ಸ್ವಾಮಿ. ನಿಮ್ಮ ದಮ್ಮಯ್ಯ."

"ಏನಾಯಿತಯ್ಯಾ?"

"ಏನಾಗಿಲ್ಲ ಕೇಳಿ. ಬೆಳಿಗ್ಗೆ ಐದಕ್ಕೆ ಮೈಮೇಲೆ ತಣ್ಣೀರು ಸುರ್ಕೊಂಡೆ. ಮುನೇಶ್ವರನಿಗೆ ತುಳಸಿ ಏರಿಸಿದೆ. ಆಯಪ್ಪ ಯಾವತ್ತಾದ್ರೂ ತುಳಸಿ ನೋಡಿದಾನಾ? ಮಂತ್ರದ ನಡುವೆ ಹಾಲಿನವನಿಗೆ ಕೈಸನ್ನೆ ಮಾಡ್ಬೇಕು ಅಂತ ಕೈ ಎದ್ದೇಳ್ತು. ನಮ್ಮನೆಗೆ ಹಾಲಿನವನೇ ಬರಲ್ಲ, ಸ್ವಂತ ಎಮ್ಮೆ ಇದೆ. ಎಮ್ಮೆ ಕಡೆ ತಿರುಗಿ ಅರ್ಧ ಲೀಟರ್ ಸಾಕು ಅಂತ ಸನ್ನೆ ಮಾಡಿದೆ ರಾಯರೇ! ಅದು ನನ್ನ ಮುಖಾನೇ ನೋಡ್ತು."

ನಾನು ನಗು ತಡೆದುಕೊಂಡೆ.

"ಅದೂ ಹೋಗಲಿ," ಎಂದು ಅವನು ದನಿ ಇಳಿಸಿದ. "ಹನ್ನೊಂದು ನಿಮಿಷಕ್ಕೆ ಎಲ್ಲಾ ಮುಗಿದುಹೋಯ್ತು. ಎದ್ದು ನಿಂತೆ. ನನ್ನ ಹೆಂಡ್ತಿ ಅಂದ್ಲು, 'ಊದುಬತ್ತಿ ಇನ್ನೂ ಸರಿಯಾಗಿ ಹತ್ತಿಕೊಂಡಿಲ್ಲ. ಸಾಲ ಕೊಟ್ಟವನ ಮುಂದಿಂದ ಓಡೋ ಹಾಗೆ ಓಡ್ತೀಯಲ್ಲ, ಏನಾಯ್ತು ನಿನಗೆ' ಅಂತ. ನಾನು ಮುಂಚೆ ಒಂದು ಕಡ್ಡಿ ಹಚ್ಚಿ, ಸುಮ್ಮನೆ ಆಯಪ್ಪನ ಮುಂದೆ ಕೂತ್ಕೊಂಡು ಬರ್ತಿದ್ದೆ ರಾಯರೇ. ಈಗ ಕೂರೋಕೇ ಆಗಲ್ಲ."

ಈ ಮಾತಿಗೆ ನನ್ನ ನಗು ನಿಂತುಹೋಯಿತು. ಅವನನ್ನು ಬರಿಗೈಯಲ್ಲಿ ಕಳಿಸಬೇಕೆಂದಿದ್ದೆ. ಅದಕ್ಕಿಂತ ಕೆಟ್ಟದ್ದನ್ನು ಕೊಟ್ಟು ಕಳಿಸಿದ್ದೆ.

"ತಪ್ಪು ನನ್ನದು ಪಿಳ್ಳಪ್ಪ. ದಾಟುವುದಿಲ್ಲ, ನಿನಗೆ ಮೋಸ ಮಾಡೋಣ ಎಂದುಕೊಂಡೇ ಕೊಟ್ಟೆ."

ಅವನು ಅದನ್ನು ಮೊದಲೇ ಊಹಿಸಿದ್ದವನಂತೆ ಕೈ ಆಡಿಸಿದ. "ಇರಲಿ ಬಿಡಿ. ಈಗ ದಾರಿ ಒಂದಿದೆ. ನಮ್ಮನೆಗೆ ಬಂದು ಗೋಡೆಗೆ ಒಂದು ಮೊಳೆ ಹೊಡೀರಿ. ರಿಪೇರಿ ಅಂದ್ಕೋತೀನಿ. ಆ ಕೂಲಿಗೆ ಇದನ್ನೇ ನಿಮಗೆ ಕೊಟ್ಟುಬಿಡ್ತೀನಿ. ಬೋರ್ಡೂ ನಿಮಗೇ ಇರಲಿ, ನನಗೇನೂ ಬೇಡ."

ಒಂದು ಮೊಳೆಗೆ ಐವತ್ತೊಂದು ವರ್ಷ. ಇಂಥ ವ್ಯಾಪಾರ ನಮ್ಮ ಊರಿನಲ್ಲಿ ಹಿಂದೆ ನಡೆದದ್ದಿಲ್ಲ. ನಾಳೆ ಬೆಳಿಗ್ಗೆ ಆರೂ ಹನ್ನೊಂದಕ್ಕೆ ಮತ್ತೆ ಗಂಟೆ ಬಾರಿಸಬಹುದು, ಬೀದಿಯವರು ಗಡಿಯಾರ ಸರಿಮಾಡಿಕೊಳ್ಳಬಹುದು, ನನ್ನ ಹೆಸರು ಉಳಿಯುತ್ತದೆ. ಕೈಯಲ್ಲಿದ್ದ ಮೂರ್ತಿಯಿಂದ ನೀರು ತೊಟ್ಟಿಕ್ಕಿ ಮಡಿ ಒದ್ದೆಯಾಗುತ್ತಿತ್ತು.

"ಮೊಳೆ ನಾನು ಹೊಡೆಯಲಾರೆ," ಎಂದೆ. "ನಿನಗೆ ಬೇಡವಾದರೆ ಬೇರೆ ಕೂಲಿಗೆ ಕೊಟ್ಟುಬಿಡು. ನಿನ್ನ ಮನೆಯ ನಲ್ಲಿ ಸೋರುವುದಿಲ್ಲವೇ? ಕಾಳಪ್ಪನನ್ನು ಕರೆ."

ಪಿಳ್ಳಪ್ಪ ಗಾಬರಿಯಾದ. "ಕಾಳಪ್ಪನಿಗಾ? ಆಮೇಲೆ ಅವನು ನಲ್ಲಿ ಮುಟ್ಟೋದು ಯಾವಾಗ?"

"ಈಗಿನದಕ್ಕಿಂತ ಹನ್ನೊಂದು ನಿಮಿಷ ತಡವಾಗಿ. ಅಷ್ಟೇ ತಾನೆ?"

ಅವನಿಗೂ ನಗು ಬಂತು. ನಗುತ್ತ ಏಣಿ ಮರೆತುಹೋಗಿದ್ದನ್ನು ನೆನೆದು ಹೆಗಲಿಗೇರಿಸಿಕೊಂಡ. ಬಾಗಿಲವರೆಗೆ ಹೋದವನು ನನ್ನ ಒದ್ದೆ ಮಡಿಯನ್ನೂ, ಕೈಯಲ್ಲಿದ್ದ ದೇವರನ್ನೂ ನೋಡಿ ತಿರುಗಿ ನಿಂತ.

"ಗಂಟೆ ಹನ್ನೊಂದಾಯ್ತಲ್ಲ ರಾಯರೇ. ನಿಮ್ಮ ಪೂಜೆ ಆಯ್ತಾ?"

"ಎಲ್ಲಿ ಆಯಿತಯ್ಯಾ," ಎಂದೆ. "ಆರಕ್ಕೆ ಕೂತಿದ್ದು. ಇನ್ನೂ ಮುಖ ತೊಳೆಸ್ತಾ ಇದ್ದೇನೆ."